ಕಾಡಿಗೆ ಮತ್ತೆ ತರಗುಬೆಂಕಿ ಬೇಕೇ?

ಪರ: ಚಳಿ ಇರುವಾಗಲೇ ಹಚ್ಚಿ

ಕಾಡಿಗೆ ಬೆಂಕಿ ಬೇಕು ಅಂದರೆ ಜಯನಗರದ ನನ್ನ ಗೆಳೆಯರು ಗಾಬರಿಯಾಗುತ್ತಾರೆ. ಅವರ ಕಣ್ಣ ಮುಂದೆ ಬರುವುದು 2019ರ ಫೆಬ್ರವರಿಯಲ್ಲಿ ಹೊತ್ತಿ ಉರಿದ ಬಂಡೀಪುರ. ನಾನು ಹೇಳುತ್ತಿರುವುದು ಮೊಣಕಾಲೆತ್ತರವೂ ಬಾರದ ಬೆಂಕಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಅದನ್ನು ತರಗುಬೆಂಕಿ ಅನ್ನುತ್ತಾರೆ. ಬೇಸಿಗೆ ಏರುವ ಮೊದಲು, ನೆಲದಲ್ಲಿ ಇನ್ನೂ ತೇವ ಇರುವಾಗಲೇ, ಉದುರಿದ ಎಲೆಗೆ ಹಚ್ಚುತ್ತಿದ್ದರು. ತರಗು ಸುಡುತ್ತಿತ್ತು, ಮರ ಉಳಿಯುತ್ತಿತ್ತು.

1974ರಲ್ಲಿ ಬೆಟ್ಟ ವನ್ಯಧಾಮವಾಯಿತು. ತರಗುಬೆಂಕಿ ನಿಂತಿತು. ಆಮೇಲೆ ಲಂಟಾನ ಎಂಬ, ಹೊರಗಿನಿಂದ ಬಂದ ಮುಳ್ಳುಪೊದೆಗೆ ಹೇಳುವವರು ಕೇಳುವವರು ಇಲ್ಲದಂತಾಯಿತು. ನಮ್ಮ ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಸ್ಥೆಯ ಸಂಶೋಧಕರು ಅಲ್ಲಿ ಜಾಗ ಗುರುತು ಮಾಡಿ ಲೆಕ್ಕ ಹಾಕಿದ್ದಾರೆ. 1997ರಲ್ಲಿ ನೂರಕ್ಕೆ 41 ಕಡೆ ಲಂಟಾನ ಇತ್ತು. 2008ರ ಹೊತ್ತಿಗೆ 81 ಕಡೆ. ನೆಲ್ಲಿ ಮರದ ರಸ ಹೀರುವ ಉಪ್ಪಿಲು ಎಂಬ ಬಂದಳಿಕೆ ಕೂಡ ಬೆಂಕಿ ನಿಂತ ಮೇಲೆ ಜಾಸ್ತಿಯಾಯಿತು ಅಂತ ಸೋಲಿಗರು ಹೇಳುತ್ತಲೇ ಬಂದರು. ಕೇಳಿಸಿಕೊಳ್ಳಲು ನಮಗೆ ಎಷ್ಟೋ ವರ್ಷ ಬೇಕಾಯಿತು.

ಓದುವ ದಿನಗಳಲ್ಲಿ ನಾನು ಅಲ್ಲಿ ಟೇಪು ಹಿಡಿದು ಮರ ಅಳೆದಿದ್ದೇನೆ. ಒಂದು ದಿನ ಲಂಟಾನದ ನಡುವೆ ನೂರು ಹೆಜ್ಜೆ ದಾಟಲು ಒಂದು ಗಂಟೆ ಹಿಡಿಯಿತು. ಅಂಗಿ ಹರಿಯಿತು, ಕೈಯೆಲ್ಲ ಗೀರು. ಜೊತೆಗಿದ್ದ ಸೋಲಿಗ ಅಜ್ಜ ಕತ್ತಿ ಕೆಳಗಿಟ್ಟು ಕುಳಿತುಬಿಟ್ಟರು. "ಮಗಾ, ನಾವು ಬೆಂಕಿ ಹಾಕ್ತಿದ್ದಾಗ ಇಲ್ಲಿ ನಿಂತರೆ ಆ ಗುಡ್ಡ ಕಾಣ್ತಿತ್ತು. ಈಗ ಆನೆ ಎದುರಿಗೆ ನಿಂತ್ರೂ ಕಾಣಲ್ಲ" ಅಂದರು. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಮಳೆ ನೆಚ್ಚುವಂತಿಲ್ಲ, ಬಿಸಿಲು ಏರುತ್ತಿದೆ. ಬೆಂಕಿ ಹೇಗೂ ಬರುತ್ತದೆ. ತರಗು ರಾಶಿ ಬಿದ್ದ ಮೇಲೆ ಏಪ್ರಿಲ್‌ನಲ್ಲಿ ಬರಬೇಕೋ, ಜನವರಿಯಲ್ಲಿ ನಾವೇ ಹಚ್ಚಿ ಕಾವಲು ನಿಲ್ಲಬೇಕೋ? ಅರಣ್ಯ ಇಲಾಖೆಯೇ ಬೇಸಿಗೆಗೆ ಮೊದಲು, ಬೆಂಕಿ ಹಬ್ಬದಿರಲಿ ಅಂತ, ಪಟ್ಟಿಯಂತೆ ಬೆಂಕಿ ರೇಖೆ ಸುಡುತ್ತದೆ, ಅಲ್ವಾ? ಲಂಟಾನ ಇಷ್ಟೆತ್ತರ ಇರುವಾಗ ಅಪಾಯ ಅನ್ನುವವರಿದ್ದಾರೆ. ಮೊದಲು ಕಿತ್ತು ಆಮೇಲೆ ಹಚ್ಚೋಣ. ಅದೇನು ದೊಡ್ಡ ಮಾತಲ್ಲ. ಸೋಲಿಗರ ಅರಣ್ಯ ಹಕ್ಕನ್ನು 2011ರಲ್ಲಿ ಒಪ್ಪಿಕೊಂಡದ್ದಾಯಿತು. ಅವರ ಕೈಯಿಂದ ಬೆಂಕಿಯನ್ನು ಮಾತ್ರ ಏಕೆ ದೂರ ಇಡಬೇಕು?

ವಿರೋಧ: ಕಡ್ಡಿ ಗೀರಬೇಡಿ

ತರಗುಬೆಂಕಿ ಬೇಡ ಅನ್ನುವವರ ಪರವಾಗಿ ನಾನು ಬರೆಯುತ್ತಿದ್ದೇನೆ. ಸೋಲಿಗರ ತಿಳಿವಳಿಕೆಯ ಬಗ್ಗೆ ನನಗೆ ತಕರಾರಿಲ್ಲ. ಆದರೆ ಕಾಡು ಸುಟ್ಟರೆ ಕಾಡು ಉಳಿಯುತ್ತದೆ ಅನ್ನುವುದು ಯಾಕೋ ನನ್ನ ಮನಸ್ಸಿಗೆ ಹಿಡಿಸುವುದಿಲ್ಲ.

ಮುದುಮಲೈಯಲ್ಲಿ ಐಐಎಸ್‌ಸಿಯವರು 1988ರಿಂದ 50 ಹೆಕ್ಟೇರ್ ಕಾಡಿನ ಒಂದೊಂದು ಮರವನ್ನೂ ಅಳೆಯುತ್ತಾ ಬಂದಿದ್ದಾರೆ. ಬೆಂಕಿ ಬಂದಾಗ ದೊಡ್ಡ ಮರ ತಡೆದುಕೊಳ್ಳುತ್ತದೆ. ಸಾಯುವುದು ಸಣ್ಣವು. ಪದೇ ಪದೇ ಸುಟ್ಟರೆ ನಾಳೆಯ ಮರ ಎಲ್ಲಿಂದ ಬರಬೇಕು?

ನಮ್ಮ ಮನೆ ತುರಹಳ್ಳಿ ಕಾಡಿನ ಪಕ್ಕ. ಒಂದು ಮಾರ್ಚ್ ಮಧ್ಯಾಹ್ನ ತಾರಸಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಒಣಹುಲ್ಲಿನ ಕಡೆ ಹೊಗೆ ಎದ್ದಿತು. ಯಾರು ಹಚ್ಚಿದರೋ ಗೊತ್ತಿಲ್ಲ. ಬೀದಿಯವರೆಲ್ಲ ಹಸಿ ಕೊಂಬೆ ಮುರಿದುಕೊಂಡು ಓಡಿದೆವು. ಒಂದು ಕಡೆ ಬಡಿದರೆ ಗಾಳಿ ಇನ್ನೊಂದು ಕಡೆ ಹೊತ್ತಿಸುತ್ತಿತ್ತು. ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ನೀರಿನ ಬಾಟಲಿ ಹಿಡಿದು ಹಿಂದೆಯೇ ಬಂದಿದ್ದಳು. ಕತ್ತಲಾಗುವ ಹೊತ್ತಿಗೆ ಆರಿತು. ಕಪ್ಪು ನೆಲದಲ್ಲಿ ಅವಳಿಗೆ ಒಂದು ಗೂಡು ಸಿಕ್ಕಿತು. ಕೌಜುಗದ್ದು ಇರಬೇಕು. ಐದು ಮೊಟ್ಟೆ, ಎಲ್ಲ ಸೀಳು ಬಿಟ್ಟಿದ್ದವು. ಅವಳು ಅವನ್ನು ಅಲ್ಲಿ ಬಿಟ್ಟು ಬರಲು ಒಪ್ಪಲಿಲ್ಲ. ದುಪಟ್ಟಾದಲ್ಲಿ ಕಟ್ಟಿಕೊಂಡು ತಂದು ಹಿತ್ತಲಿನ ದಾಸವಾಳದ ಬುಡದಲ್ಲಿ ಹೂತೆವು.

ಸಣ್ಣ ಬೆಂಕಿ ಅಂತ ಹೇಳುವುದು ಸುಲಭ. ಯಾರು ಬೇಕಾದರೂ ಕಡ್ಡಿ ಗೀರಲಿ ಅಂದ ಹಾಗೆ ಕೇಳಿಸುತ್ತದೆ ನನಗೆ. ಲಂಟಾನ ಕೀಳಿ, ಸೋಲಿಗರಿಗೇ ಆ ಕೆಲಸ ಕೊಡಿ, ಒಳ್ಳೆಯ ಕೂಲಿ ಕೊಡಿ. ಅಷ್ಟಕ್ಕೆ ನನ್ನದೂ ಒಪ್ಪಿಗೆ.