ಗ್ಯಾಸ್ಟ್ರಿಕ್ ಆಗೇತ್ರಿ

ದುರ್ಗದಬೈಲಿನಲ್ಲಿ ಸಂಜೆ ಗಿರ್ಮಿಟ್ಟು, ಮಿರ್ಚಿ ಭಜಿ ಹೊಡೆದ ಹುಬ್ಬಳ್ಳಿ ಮಂದಿ ಮರುದಿನ ಹೇಳುವ ಮಾತು ಒಂದೇ: "ಯಾಕೋ ಗ್ಯಾಸ್ಟ್ರಿಕ್ ಆಗೇತ್ರಿ." ಎದೆ ಉರಿದರೂ ಅದೇ, ಹೊಟ್ಟೆ ಉಬ್ಬಿದರೂ ಅದೇ, ಹುಳಿತೇಗು ಬಂದರೂ ಅದೇ. ಬೆನ್ನು ಹಿಡಿದುಕೊಂಡಿದ್ದಕ್ಕೂ ಗ್ಯಾಸ್ಟ್ರಿಕ್ಕೇ ಕಾರಣ ಅನ್ನುವವರು ನಮ್ಮ ಓಣಿಯಲ್ಲೇ ಇದ್ದಾರೆ.

ಆದರೆ ಇಂಗ್ಲಿಷಿನಲ್ಲಿ ಅದು ರೋಗದ ಹೆಸರೇ ಅಲ್ಲ. ಗ್ರೀಕರು ಹೊಟ್ಟೆಗೆ ಗ್ಯಾಸ್ಟರ್ ಅನ್ನುತ್ತಿದ್ದರು. ಅದರಿಂದ ಹುಟ್ಟಿದ ಗ್ಯಾಸ್ಟ್ರಿಕ್ ಅಂದರೆ ಬರೀ 'ಹೊಟ್ಟೆಯ' ಅಂತ. ಹೊಟ್ಟೆಯ ರಸವೋ ಹುಣ್ಣೋ, ಮುಂದೆ ಏನಾದರೂ ಬೇಕಲ್ವಾ? ನಾವು "ನನಗ ಹೊಟ್ಟೆಯ ಆಗೇತ್ರಿ" ಅಂದು ಸುಮ್ಮನಾಗುತ್ತೇವೆ, ಡಾಕ್ಟರಿಗೆ ತಿಳಿಯುತ್ತದೆ, ಮಾತ್ರೆಯೂ ಸಿಗುತ್ತದೆ. ಇಷ್ಟಾದ ಮೇಲೆ ಅದು ಕನ್ನಡದ್ದೇ ಪದ ಅಂತ ನನ್ನ ವಾದ.

ಇನ್ನು ಗ್ಯಾಸ್. ಗ್ಯಾಸ್ಟ್ರಿಕ್ಕಿನಲ್ಲಿ ಗ್ಯಾಸ್ ಕಾಣುತ್ತದೆ, ಹಾಗಾಗಿ ಎರಡೂ ಒಂದೇ ಮನೆಯವು ಅಂದುಕೊಳ್ಳುತ್ತೇವೆ. ರಕ್ತಸಂಬಂಧವೇ ಇಲ್ಲ! ಗ್ಯಾಸ್ ಅನ್ನುವ ಪದವನ್ನು ಕಟ್ಟಿದವನು 17ನೇ ಶತಮಾನದ ವಾನ್ ಹೆಲ್ಮಾಂಟ್ ಎಂಬ ವೈದ್ಯ, ಅದೂ ಗ್ರೀಕಿನ 'ಕೇಯಾಸ್' ಅನ್ನುವ ಪದದಿಂದ. ಜಗತ್ತು ಹುಟ್ಟುವ ಮೊದಲು ಇದ್ದ ಗೊಂದಲ ಅದು. ರಾತ್ರಿ ಹನ್ನೆರಡಕ್ಕೆ ಸಾವಜಿ ಊಟ ಒಳಗೆ ಗುಡುಗುಡು ಅನ್ನುವಾಗ ಹೆಸರು ಸರಿಯಾಗೇ ಇಟ್ಟಿದ್ದಾನೆ ಅನಿಸುತ್ತದೆ.

ಎದೆ ಉರಿಸುವುದು ಮಾತ್ರ ಗಾಳಿಯಲ್ಲ, ಆಸಿಡ್. ಹೊಟ್ಟೆಯಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್ ಅಂತ ಇಂಗ್ಲೆಂಡಿನ ವೈದ್ಯ ವಿಲಿಯಂ ಪ್ರೌಟ್ 1824ರಲ್ಲಿ ಪ್ರಕಟಿಸಿದ. ಅದು ಮೇಲಕ್ಕೆ, ಅನ್ನನಾಳಕ್ಕೆ ಉಕ್ಕಿದರೆ ಉರಿ. ಹೊಟ್ಟೆಹುಣ್ಣಿಗೆ ಖಾರ, ಟೆನ್ಶನ್ ಕಾರಣ ಅಂತ ಡಾಕ್ಟರುಗಳೂ ಬಹಳ ವರ್ಷ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್, ಬಹಳಷ್ಟು ಹುಣ್ಣುಗಳ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆ ಅಂದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನೇ ಕುಡಿದು ಹೊಟ್ಟೆ ಕೆಡಿಸಿಕೊಂಡ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಬ್ಯಾಡಗಿ ಮೆಣಸಿನಕಾಯಿಗೆ ಕೊನೆಗೂ ಜಾಮೀನು ಸಿಕ್ಕಿತು, ಎದೆಯುರಿಯ ಕೇಸಿನಲ್ಲಿ ಅಲ್ಲ ಅನ್ನಿ.

ಈ ಪದದ ಮೇಲೆ ನನಗೆ ಸಿಟ್ಟು ಇರುವುದು ಒಂದೇ ವಿಷಯಕ್ಕೆ. ಎದೆ ಹಿಂಡಿದಂತಾಗಿ, ಬೆವರು ಕಿತ್ತುಕೊಂಡು, ಎಡಗೈ ಸೆಳೆಯುತ್ತಿದ್ದರೂ "ಗ್ಯಾಸ್ಟ್ರಿಕ್ ಇರಬೇಕು ತಗಿ, ಒಂದು ಸೋಡಾ ಕುಡಿ" ಅನ್ನುತ್ತಾರಲ್ಲ, ಅದಕ್ಕೆ. ಹೃದಯಾಘಾತವೂ ಹಾಗೇ ಶುರುವಾಗುತ್ತದೆ. ಡಾಕ್ಟರು ಇಸಿಜಿ ಬರೆದುಕೊಟ್ಟರೆ "ಬರೀ ಗ್ಯಾಸ್ಟ್ರಿಕ್ಕಿಗೆ ಇಸಿಜಿ ಯಾಕ್ರಿ?" ಅಂತ ಜೊತೆಗೆ ಬಂದವರೇ ಜಗಳಕ್ಕೆ ನಿಲ್ಲುತ್ತಾರೆ.