ಮಲೆನಾಡಿನಲ್ಲಿ ಒಬ್ಬರಿಗೆ ಒಂದು ಹಾಸಿಗೆ ಸಿಗಬೇಕು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ಹೋಂಸ್ಟೇ ನಡೆಸುವವರಲ್ಲಿ ನನ್ನದೊಂದು ಕೋರಿಕೆ. ಒಂಟಿಯಾಗಿ ಬರುವ, ತಿಂಗಳುಗಟ್ಟಲೆ ಉಳಿಯಬಯಸುವ, ಕೈಯಲ್ಲಿ ಹೆಚ್ಚು ದುಡ್ಡಿಲ್ಲದ ಅತಿಥಿಗೂ ನಿಮ್ಮಲ್ಲಿ ಒಂದು ಹಾಸಿಗೆ ಇರಲಿ. ಗೋಕರ್ಣದ ಅಗ್ಗದ ಹಾಸ್ಟೆಲೊಂದರಲ್ಲಿ ಈ ಮಳೆಗಾಲದ ಬಹುಪಾಲು ಕಳೆದು ಸಾಗರಕ್ಕೆ ಮರಳಿದಾಗಿನಿಂದ ಈ ವಿಚಾರ ತಲೆಯಿಂದ ಇಳಿದಿಲ್ಲ.

ಇಲ್ಲಿ ಹಾಸ್ಟೆಲ್ ಎಂದರೆ ಕೋಣೆಯ ಬದಲು ಹಾಸಿಗೆಯನ್ನು ಬಾಡಿಗೆಗೆ ಕೊಡುವ ಪ್ರವಾಸಿ ತಂಗುದಾಣ. ಮೇಲೊಂದು ಕೆಳಗೊಂದರಂತೆ ಮಂಚಗಳು, ಪ್ರತಿಯೊಂದಕ್ಕೂ ಪರದೆ, ತಲೆದೆಸೆಯಲ್ಲಿ ಪುಟ್ಟ ದೀಪ, ಸಾಮಾನು ಇಟ್ಟು ಬೀಗ ಹಾಕಲು ಕಬ್ಬಿಣದ ಪೆಟ್ಟಿಗೆ. ಅಡುಗೆಮನೆ, ಬಚ್ಚಲು ಎಲ್ಲರಿಗೂ ಸೇರಿದ್ದು. ಡಿಸೆಂಬರ್‌ನಲ್ಲಿ ಓಂ, ಕುಡ್ಲೆ ಕಡಲತೀರಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮಳೆ ಹಿಡಿದರೆ ಜನ ಕರಗುತ್ತಾರೆ, ನೀರಿಗೆ ಇಳಿಯಬೇಡಿ ಎಂದು ಕೆಂಪು ಬಾವುಟ ನೆಡುತ್ತಾರೆ, ಹಾಸಿಗೆಯ ಬಾಡಿಗೆಯೂ ಇಳಿಯುತ್ತದೆ. ತಿಂಗಳ ಲೆಕ್ಕದಲ್ಲಿ ಮಾತಾಡಿದರೆ ಇನ್ನೂ ಕಡಿಮೆ. ಪುಸ್ತಕಗಳ ಕರಡು ತಿದ್ದುವ ನನ್ನ ಕೆಲಸಕ್ಕೆ ಒಂದು ಮೇಜು ಮತ್ತು ಇಂಟರ್ನೆಟ್ ಸಾಕು.

ನಾನಿದ್ದದ್ದು ಹಳೆಯ ಹೆಂಚಿನ ಮನೆ. ಬೆಳಕು ಹರಿಯುವ ಮೊದಲೇ ಅಲ್ಲಿನ ಅಕ್ಕ ಬಚ್ಚಲ ಒಲೆಗೆ ತೆಂಗಿನ ಸಿಪ್ಪೆ ತುಂಬಿ ಹಂಡೆಯ ನೀರು ಕಾಯಿಸುತ್ತಿದ್ದರು. ಒಲೆಯ ಮೇಲೆ ಗೋಡೆಯಿಂದ ಗೋಡೆಗೆ ನಾಲ್ಕು ಸಾಲು ನೈಲಾನ್ ಹಗ್ಗ. ಆಗತಾನೇ ಹಿಂಡಿದ ಬಟ್ಟೆ ಬಾಗಿಲ ಕಡೆಯ ಹಗ್ಗಕ್ಕೆ. ನೀರು ಸೋರುವುದು ನಿಂತ ಮೇಲೆ ಒಂದೊಂದೇ ಸಾಲು ಮುಂದಕ್ಕೆ, ಕೊನೆಗೆ ಒಲೆಯ ನೇರಕ್ಕೆ. ಯಾರ ಬಟ್ಟೆ ಯಾವ ಸಾಲಿನಲ್ಲಿದೆ ಎಂಬುದು ಅವರಿಗೆ ಬಾಯಿಪಾಠ. "ತಂಗಿ, ನಿನ್ನ ಟವೆಲಿಗೆ ಹೊಗೆ ಹಿಡಿಯುತ್ತಿತ್ತು, ಈಚೆ ಹಾಕಿದ್ದೇನೆ" ಎಂದು ಕೂಗಿ ಹೇಳುತ್ತಿದ್ದರು. ಎರಡು ದಿನ ಇದ್ದು ಹೋಗುವವರಿಗೆ ಈ ಹಗ್ಗದ ಲೆಕ್ಕ ಬೇಕಾಗುವುದೇ ಇಲ್ಲ. ಉಳಿದವರಿಗೆ ಆ ಮನೆಯ ದಿನಚರಿ ಶುರುವಾಗುವುದೇ ಅಲ್ಲಿಂದ.

ಊರೂ ಹಾಗೆಯೇ ನಿಧಾನವಾಗಿ ತೆರೆದುಕೊಂಡಿತು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ತದಡಿ ಬಂದರಿನಲ್ಲಿ ದೋಣಿಗಳು ಸಾಲಾಗಿ ಕಟ್ಟಿಕೊಂಡು ನಿಂತಿದ್ದವು. ಬೇಸಿಗೆಯಲ್ಲಿ ಉಪ್ಪಿನ ರಾಶಿ ಕಾಣುವ ಸಾಣಿಕಟ್ಟೆಯ ಗದ್ದೆಗಳು ಮಳೆನೀರಿನಲ್ಲಿ ಮುಳುಗಿದ್ದವು. ಅಘನಾಶಿನಿಯ ಹಿನ್ನೀರಿನ ಬಯಲಿನಲ್ಲಿ ಉಪ್ಪುನೀರನ್ನೂ ತಾಳಿಕೊಳ್ಳುವ ಕಗ್ಗ ಭತ್ತದ ಕಾಲ ಅದು. ಆಗಸ್ಟ್‌ನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ ಪೇಟೆಯ ಮಾತಿನ ಧಾಟಿಯೇ ಬದಲಾಯಿತು. ನಾನು ತರಕಾರಿ, ಹಾಲು, ಔಷಧಿ, ಚಪ್ಪಲಿ ದುರಸ್ತಿ ಎಲ್ಲದಕ್ಕೂ ಅದೇ ಪೇಟೆಗೆ ದುಡ್ಡು ಕೊಟ್ಟೆ. ವಾರಾಂತ್ಯಕ್ಕೆ ಕಾರಿನಲ್ಲಿ ಬರುವವರು ಹೆಚ್ಚು ಖರ್ಚು ಮಾಡುತ್ತಾರೆ, ನಿಜ. ಆದರೆ ಅದು ಒಂದೆರಡು ಕಡೆ ಸುರಿದು ಹೋಗುತ್ತದೆ. ಬಹಳ ದಿನ ಉಳಿಯುವವರ ಸಣ್ಣ ದುಡ್ಡು ಬೀದಿಯ ಉದ್ದಕ್ಕೂ ಹಂಚಿಹೋಗುತ್ತದೆ.

ಗೋಕರ್ಣಕ್ಕೆ ಇದು ಹೊಸದಲ್ಲ. ಪಿತೃಕಾರ್ಯಕ್ಕೆ ಬಂದವರನ್ನು ಅಲ್ಲಿನ ಭಟ್ಟರು ತಮ್ಮ ಮನೆಯಲ್ಲೇ ಇಳಿಸಿಕೊಳ್ಳುವ ರೂಢಿ ಹಿಂದಿನಿಂದಲೂ ಇದೆ. ನಮ್ಮಲ್ಲಿಯೂ ಮನೆಗೆ ಬಂದವರಿಗೆ ಆಸರಿಗೆ, ಅಂದರೆ ಕುಡಿಯಲು ಏನಾದರೂ, ಕೊಡದೆ ಕಳುಹಿಸುವುದಿಲ್ಲ. ಹಾಗಿರುವಾಗ ಈಗ ನಡೆಯುತ್ತಿರುವುದೇನು? ಹಾಸ್ಟೆಲಿನಲ್ಲಿ ಪರಿಚಯವಾದ ಧಾರವಾಡದ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳಿಗೆ ಕೆಳದಿ ಮತ್ತು ಇಕ್ಕೇರಿಯ ದೇವಾಲಯಗಳ ಮೇಲೆ ಕೆಲಸ ಮಾಡಬೇಕಿದೆ. ಒಂದು ತಿಂಗಳ ವಸತಿಗಾಗಿ ನಾನೇ ಅವಳ ಪರವಾಗಿ ನಮ್ಮ ಕಡೆಯ ಹಲವು ಹೋಂಸ್ಟೇಗಳಿಗೆ ಫೋನ್ ಮಾಡಿದೆ. ಒಬ್ಬರಿಗೆ ಕೊಡುವುದಿಲ್ಲ, ಕನಿಷ್ಠ ನಾಲ್ಕು ಜನ ಬೇಕು ಎಂದರು ಕೆಲವರು. ದಿನಕ್ಕೆ 2,000 ರೂಪಾಯಿ, ತಿಂಗಳಾದರೂ ಅದೇ ಎಂದರು ಇನ್ನೊಬ್ಬರು. "ಹೆಣ್ಣುಮಗಳು ಒಬ್ಬಳೇ ಯಾಕೆ ಬರುತ್ತಾಳೆ?" ಎಂದು ಒಬ್ಬರು ಕೇಳಿದಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ. ಓದಲು ಬರುತ್ತಾಳೆ. ಅಘೋರೇಶ್ವರನ ಗುಡಿಯ ಗೋಡೆಯನ್ನು ಬೆಳಗಿನ ಬಿಸಿಲಿನಲ್ಲೂ ಸಂಜೆಯ ಬಿಸಿಲಿನಲ್ಲೂ ನೋಡಲು ಬರುತ್ತಾಳೆ. ಇಷ್ಟು ಕಾರಣ ಸಾಲದೇ?

ಮಲೆನಾಡನ್ನು ಶನಿವಾರ ಬಂದು ಭಾನುವಾರ ನೋಡಿ ಮುಗಿಸಲಾಗದು. ವರ್ಷಕ್ಕೆ ಸಾಮಾನ್ಯವಾಗಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯನ್ನು ಅರಿಯಲು ಒಂದು ಸೂರ್ಯಾಸ್ತ ಸಾಲದು. 1949ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್, ಕುಪ್ಪಳಿಯ ಕವಿಶೈಲ, ಕವಲೇದುರ್ಗದ ಕೋಟೆ, ಇವೆಲ್ಲ ಬಿಡುವು ಮಾಡಿಕೊಂಡು ಬರುವವರನ್ನು ಕೇಳುತ್ತವೆ. ಅಂಥವರಿಗೆ ಈಜುಕೊಳ, ಕ್ಯಾಂಪ್‌ಫೈರ್ ಬೇಡ.

ಜಾಗವಿಲ್ಲ ಎನ್ನುವಂತಿಲ್ಲ. ಮಕ್ಕಳು ಬೆಂಗಳೂರು ಸೇರಿ, ಉಪ್ಪರಿಗೆಗೆ ಬೀಗ ಬಿದ್ದು, ಇಬ್ಬರು ಹಿರಿಯರಷ್ಟೇ ಉಳಿದ ದೊಡ್ಡ ಮನೆಗಳು ಊರೂರಿಗೆ ಇವೆ. ಎಲೆಚುಕ್ಕಿ ರೋಗ ಅಡಿಕೆ ತೋಟವನ್ನು ತಿನ್ನುತ್ತಿರುವಾಗ ತಿಂಗಳಿಗಿಷ್ಟು ಎಂದು ಬರುವ ಖಚಿತ ಬಾಡಿಗೆ ಸಣ್ಣ ಸಂಗತಿಯಲ್ಲ. 1909ರಲ್ಲಿ ಜರ್ಮನಿಯ ಶಾಲಾ ಮೇಷ್ಟರು ರಿಚರ್ಡ್ ಶಿರ್ಮನ್ ಮಕ್ಕಳನ್ನು ಕಾಲ್ನಡಿಗೆ ಪ್ರವಾಸಕ್ಕೆ ಕರೆದೊಯ್ದಾಗ ಗುಡುಗು ಮಳೆಗೆ ಸಿಕ್ಕಿ, ಹಳ್ಳಿಯ ಶಾಲೆಯೊಂದರಲ್ಲಿ ರಾತ್ರಿ ಕಳೆಯಬೇಕಾಯಿತು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳಲ್ಲೇ ಅಗ್ಗದ ವಸತಿ ಕೊಡಬಹುದಲ್ಲ ಎಂದು ಅವರಿಗೆ ಹೊಳೆದದ್ದು ಆಗ. ಜಗತ್ತಿನ ಯುವ ಹಾಸ್ಟೆಲುಗಳ ಮೂಲ ಆ ರಾತ್ರಿ. ಮಳೆಗೂ ಖಾಲಿ ಕಟ್ಟಡಕ್ಕೂ ನಮ್ಮಲ್ಲಿ ಕೊರತೆಯೇ?

ಹಿರಿಯರ ಆತಂಕ ನನಗೆ ಅರ್ಥವಾಗುತ್ತದೆ. ಜೋಗದ ದಾರಿಯಲ್ಲಿ ಬಾಟಲಿ ಒಡೆದು ಹೋಗುವವರನ್ನು ಕಂಡವರು ಅಪರಿಚಿತರಿಗೆ ಬಾಗಿಲು ತೆರೆಯಲು ಹಿಂಜರಿಯುವುದು ಸಹಜ. ಆದರೆ ಒಂದೇ ಅಂಗಡಿಯಲ್ಲಿ ದಿನವೂ ಹಾಲು ಕೊಳ್ಳುವವರು, ನಾಳೆಯೂ ಅದೇ ಮುಖಗಳನ್ನು ನೋಡಬೇಕಾದವರು ಹಾಗೆ ನಡೆದುಕೊಳ್ಳುವುದು ಅಪರೂಪ. ನಿಯಮವಿರಲಿ. ಗುರುತಿನ ಚೀಟಿ ಪಡೆಯಿರಿ, ದಾಖಲೆ ಪುಸ್ತಕ ಇಡಿ, ಹೆಂಗಸರಿಗೆ ಪ್ರತ್ಯೇಕ ಕೋಣೆ ಕೊಡಿ, ಮದ್ಯ ಬೇಡವೆಂದು ಮೊದಲೇ ಹೇಳಿ. ನಾನಿದ್ದ ಹಾಸ್ಟೆಲಿನಲ್ಲಿ ಇವೆಲ್ಲವೂ ಇದ್ದವು, ಯಾರೂ ಗೊಣಗಲಿಲ್ಲ. ಪ್ರವಾಸೋದ್ಯಮ ಇಲಾಖೆಯೂ ಇಂಥ ಸಣ್ಣ ತಂಗುದಾಣಗಳ ನೋಂದಣಿಯನ್ನು ಸರಳಗೊಳಿಸಿ, ಮೊದಲ ಕೆಲವು ಮನೆಗಳಿಗೆ ಬೆನ್ನೆಲುಬಾಗಿ ನಿಲ್ಲಬೇಕು.

ಧಾರವಾಡದ ಆ ಹುಡುಗಿ ದೀಪಾವಳಿ ಕಳೆದ ಮೇಲೆ ಬರಲು ಸಿದ್ಧಳಿದ್ದಾಳೆ. ಇಕ್ಕೇರಿಗೆ ಹತ್ತಿರ, ಬಸ್ ಓಡಾಡುವ ಕಡೆ, ಒಂದು ಹಾಸಿಗೆ, ಓದಲು ಮೇಜು, ಬಿಸಿನೀರು ಕೊಡಬಲ್ಲ ಮನೆಯಿದ್ದರೆ ನನಗೆ ಸಂದೇಶ ಕಳುಹಿಸಿ. ತಿಂಗಳ ಬಾಡಿಗೆಯನ್ನು ಮೊದಲೇ ಕೊಡುತ್ತಾಳೆ.