ಕೆಲಸ ಹೋದ್ರೆ ಪಿಎಫ್ ಮುಳುಗಲ್ಲ, ಹೆದರಿ ಡ್ರಾ ಮಾಡ್ಬೇಡಿ

"ಕೆಲಸ ಬಿಟ್ಟು 3 ವರ್ಷ ಆದ್ರೆ ಪಿಎಫ್ ದುಡ್ಡು ಸರ್ಕಾರಕ್ಕೆ ಹೋಗುತ್ತೆ, ಬೇಗ ತೆಗೀರಿ" ಅಂತ ವಾಟ್ಸಾಪಲ್ಲಿ ಓಡಾಡ್ತಿರೋ ಮೆಸೇಜ್ ತಪ್ಪು. ದುಡ್ಡು ನಿಮ್ಮದೇ, ಕಂಪನಿ ಬಾಗಿಲು ಹಾಕಿದ್ರೂ ಅಲ್ಲಿವರೆಗೆ ಕಟ್ಟಿರೋದು ಇಪಿಎಫ್‌ಒ (ಪಿಎಫ್ ನೋಡ್ಕೊಳ್ಳೋ ಸರ್ಕಾರಿ ಸಂಸ್ಥೆ) ಹತ್ರ ಇರುತ್ತೆ. ಆ 3 ವರ್ಷದ ಲೆಕ್ಕ ಬರೋದು 55 ದಾಟಿ ರಿಟೈರ್ ಆದ್ಮೇಲೂ ಕ್ಲೈಮ್ ಮಾಡ್ದೆ ಬಿಟ್ಟೋರಿಗೆ, ಆಗ ನಿಲ್ಲೋದೂ ಬಡ್ಡಿ ಮಾತ್ರ, ಅಸಲಲ್ಲ.

ಹೆದರಿ ಎಲ್ಲಾ ತೆಗೆದ್ರೆ ನಿಜವಾದ ನಷ್ಟ ಆಗೋದು ಪೆನ್ಷನ್ನಲ್ಲಿ. ನಮ್ಮ ಬೀದಿಲಿ ಗಾರ್ಮೆಂಟ್ಸ್‌ಗೆ ಹೋಗೋ ಅಕ್ಕ ಒಬ್ರು ಮೊನ್ನೆ ಪಿಎಫ್ ಪಾಸ್‌ಬುಕ್ ತೋರಿಸಿದ್ರು, 12,000 ಸಂಬಳಕ್ಕೆ ಅವ್ರದ್ದು 1,440, ಕಂಪನಿದು 440, ಪಕ್ಕದಲ್ಲಿ ಪೆನ್ಷನ್ ಅಂತ 1,000. ಈ ಕೊನೇ ಕಾಲಮ್ ಯಾರೂ ನೋಡಲ್ಲ. ಒಟ್ಟು 10 ವರ್ಷ ಸರ್ವಿಸ್ ಆದ್ರೆ 58ಕ್ಕೆ ತಿಂಗಳಾ ತಿಂಗಳಾ ಪೆನ್ಷನ್ ಬರುತ್ತೆ, ಒಂದೇ ಕಂಪನಿಲೇ ಇರ್ಬೇಕು ಅಂತೇನಿಲ್ಲ, ಅಲ್ಲಿ 4 ಇಲ್ಲಿ 6 ಆದ್ರೂ ಟ್ರಾನ್ಸ್‌ಫರ್ ಮಾಡ್ಸಿದ್ರೆ ಸೇರುತ್ತೆ. ಆದ್ರೆ ಮಧ್ಯದಲ್ಲಿ ಗಾಬರಿಯಾಗಿ ಫಾರ್ಮ್ 10ಸಿ ಹಾಕಿ ಪೆನ್ಷನ್ ದುಡ್ಡೂ ತೆಗೆದ್ರೆ ಆ ವರ್ಷಗಳು ಅಳಿಸಿಹೋಗ್ತವೆ, ಮತ್ತೆ ಸೊನ್ನೆಯಿಂದ ಶುರು. ಅದೇ ಫಾರ್ಮಲ್ಲಿ ದುಡ್ಡಿನ ಬದಲು ಸ್ಕೀಮ್ ಸರ್ಟಿಫಿಕೇಟ್ (ಎಷ್ಟು ವರ್ಷ ಸರ್ವಿಸ್ ಆಗಿದೆ ಅನ್ನೋ ಪತ್ರ) ಕೇಳ್ಬಹುದು, ಸರ್ವಿಸ್ ಉಳಿಯುತ್ತೆ. ಮನೆ ನಡೆಸೋಕೆ ಬೇರೆ ದಾರಿನೇ ಇಲ್ಲ ಅಂದ್ರೆ ತೆಗೀರಿ, ಅದು ನಿಮ್ಮ ಹಕ್ಕು, ಆದ್ರೆ ಆ ಮೆಸೇಜ್ ನಂಬಿ ಬೇಡ.